ಗುರುವಾರದ ಚರ್ಚೆ: ಸೈನಸ್ ಶಸ್ತ್ರಚಿಕಿತ್ಸೆಗೆ ಮುನ್ನ ಡೆಕ್ಸ್‌ಮೆಡೆಟೊಮಿಡಿನ್

ಅರಿವಳಿಕೆ ವಿಭಾಗದ ಸ್ನಾತಕೋತ್ತರ ಗೆಳೆಯರೆಲ್ಲರಿಗೂ ನಮಸ್ಕಾರ.

ಈ ಗುರುವಾರ ಸಂಜೆ 4 ಗಂಟೆಗೆ ಹುಬ್ಬಳ್ಳಿಯಲ್ಲಿ, ನಮ್ಮ ವಿಭಾಗದ ಕೊಠಡಿಯಲ್ಲಿ ಸೇರೋಣ. ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆಗೆ (ಮೂಗಿನೊಳಗೆ ಸಣ್ಣ ಕ್ಯಾಮೆರಾ ಕೊಳವೆ ತೂರಿಸಿ ಮಾಡುವುದು) ಮುನ್ನ ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮಂಪರು ತರುವ ಔಷಧವನ್ನು ರಕ್ತನಾಳಕ್ಕೆ ಕೊಡುವುದೋ, ಮೂಗಿಗೆ ಹಾಕುವುದೋ, ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಒಳಕಳಿಸುವ ನೆಬ್ಯುಲೈಸರ್ ಮೂಲಕವೋ ಎಂಬುದು ವಿಷಯ.

ಮೊದಲ ವರ್ಷದವರು ಗಮನಿಸಿ: ಇಲ್ಲಿ ತುಸು ರಕ್ತ ಒಸರಿದರೂ ಎಂಡೋಸ್ಕೋಪಿನ ನೋಟ ಮಸುಕಾಗುತ್ತದೆ. ಕಣ್ಣುಗುಳಿ, ಮಿದುಳಿನ ತಳ ಪಕ್ಕದಲ್ಲೇ ಇವೆ. ಹಾಗಾಗಿ ರೋಗಿಗೆ ಮಂಪರು ಬಂದರೆ ಸಾಲದು, ನಾಡಿಬಡಿತ ಮತ್ತು ರಕ್ತದೊತ್ತಡ ಹದದಲ್ಲಿರಬೇಕು. ರಕ್ತನಾಳಕ್ಕಾದರೆ ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 1 ಮೈಕ್ರೋಗ್ರಾಂ, 10 ನಿಮಿಷದಲ್ಲಿ ನಿಧಾನವಾಗಿ. ಪರಿಣಾಮ ಬೇಗ, ನಾಡಿ ಇಳಿಯುವ ಆತಂಕವೂ ಹೆಚ್ಚು. ಮೂಗಿಗೆ ಹಾಕಿದರೆ ಸುಮಾರು 30ರಿಂದ 45 ನಿಮಿಷ ಕಾಯಬೇಕು. ಆದರೆ ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೃದು ಗಂಟು) ತುಂಬಿದ ಮೂಗು ಔಷಧವನ್ನು ಎಷ್ಟು ಹೀರಿಕೊಂಡೀತು? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ, ಹೆಚ್ಚು ಸಮಯ ಇದಕ್ಕೇ ಇಡೋಣ.

ಪ್ರತಿಯೊಬ್ಬರೂ ಒಂದು ಸಂಶೋಧನಾ ಲೇಖನ ಓದಿ ಬನ್ನಿ. ಶಸ್ತ್ರಚಿಕಿತ್ಸಾ ಕ್ಷೇತ್ರದ ರಕ್ತಸ್ರಾವವನ್ನು ಅದರಲ್ಲಿ ಹೇಗೆ ಅಳೆದಿದ್ದಾರೆ ಎಂದು ಬರೆದುಕೊಳ್ಳಿ. ರಕ್ತಸ್ರಾವ ಅಳೆಯುವ ಬೋಜಾರ್ಟ್ ಅಂಕವಾದರೆ 0ಯಿಂದ (ರಕ್ತಸ್ರಾವವಿಲ್ಲ) 5 (ತೀವ್ರ). ರೋಗಿಗಳ ಹೆಸರು, ಫೋಟೋಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.

ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುವವರು ಸ್ವಲ್ಪ ಬೇಗ ಹೊರಡಿ. ಯಾರು ಯಾವ ಲೇಖನ ತೆಗೆದುಕೊಳ್ಳುತ್ತೀರಿ ಎಂದು ಬುಧವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.