ಪುಸ್ತಕಕ್ಕೆ ದನಿ ಕೊಟ್ಟವರಿಗೆ

ಇಡೀ ವಿಜ್ಞಾನ ಪುಸ್ತಕವನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುವಂತೆ ಸಿದ್ಧಮಾಡಿ, ಹೆಸರನ್ನೂ ಹೇಳದೆ ಕಳಿಸಿದವರೇ, ಡಿಸ್ಲೆಕ್ಸಿಯಾ (ಅಕ್ಷರ, ಪದಗಳನ್ನು ಓದಿ ಬರೆಯುವುದು ಕಷ್ಟವಾಗುವ ಕಲಿಕೆಯ ತೊಡಕು) ಇರುವ ಮಕ್ಕಳ ಪರವಾಗಿ ನಿಮಗೆ ಮನಸಾರೆ ಧನ್ಯವಾದ.

ಸ್ಕ್ಯಾನ್ ಮಾಡಿದ ಪುಟ ಕಂಪ್ಯೂಟರಿಗೆ ಬರೀ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶದಲ್ಲಿ ಹಾಯಿಸುವವರೆಗೆ ಓದಲು ಅಲ್ಲಿ ಏನೂ ಇರುವುದಿಲ್ಲ. ನೀವು 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆಯಲ್ಲಿ), ಪುಸ್ತಕದ ಬೆನ್ನಿನ ಬಳಿ ಸಾಲು ಬಾಗದಂತೆ ಒತ್ತಿ ಹಿಡಿದು ಸ್ಕ್ಯಾನ್ ಮಾಡಿದ್ದೀರಿ. ಎರಡು ಕಾಲಂ ಇರುವ ಪುಟಗಳಲ್ಲಿ ಓದುವ ಕ್ರಮ ಸರಿಪಡಿಸಿದ್ದೀರಿ. ಇಲ್ಲದಿದ್ದರೆ ಎಡಗಡೆಯ ಅರ್ಧ ವಾಕ್ಯಕ್ಕೆ ಬಲಗಡೆಯದು ಅಂಟಿಕೊಂಡು ಬರುತ್ತದೆ. ಒತ್ತಕ್ಷರದ ತಪ್ಪುಗಳನ್ನು ಒಂದೊಂದಾಗಿ ತಿದ್ದಿದ್ದಂತೂ ದೊಡ್ಡ ಉಪಕಾರ. ಪದ ಎಡವಟ್ಟಾಗಿ ಕೇಳಿಸಿದರೆ ಈ ಮಕ್ಕಳು ತಂತ್ರಾಂಶವನ್ನಲ್ಲ, ತಮ್ಮನ್ನೇ ಅನುಮಾನಿಸಿಕೊಳ್ಳುತ್ತಾರೆ.

14 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ, ಎಡಕ್ಕಷ್ಟೇ ಹೊಂದಿಸಿದ ಸಾಲುಗಳು, ಕೆನೆಬಣ್ಣದ ಹಿನ್ನೆಲೆ, ಎಲ್ಲವೂ ಅಚ್ಚುಕಟ್ಟು. ಬಲ ಅಂಚನ್ನೂ ಸಮ ಮಾಡಿದ್ದರೆ ಪದಗಳ ನಡುವೆ ಅಂತರ ಹೆಚ್ಚುಕಡಿಮೆಯಾಗಿ ಕಣ್ಣು ಜಾರುತ್ತಿತ್ತು.

ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದೀರಿ: ಮೊದಲು ವೇಗ ತಗ್ಗಿಸಿ, ಓದುತ್ತಿರುವ ಪದಕ್ಕೆ ಹಳದಿ ಗುರುತು ಬರುವಂತೆ ಮಾಡಿ, ಇಯರ್‌ಫೋನ್ ಕೊಡಿ. ಆ ಹಳದಿ ಗುರುತಿನಿಂದಲೇ ಕಿವಿ ಕೇಳಿದ್ದು ಕಣ್ಣಿಗೂ ಸಿಗುತ್ತದೆ. ಚಿತ್ರಗಳಿಗೂ ಎರಡೆರಡು ಸಾಲು ವಿವರಣೆ ಸೇರಿಸಿದ್ದೀರಲ್ಲ, ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.