ಈ ಶ್ರಾವಣ ದಾಟಿಸಿದವರಿಗೆ

ಗೌರಿ ಗಣೇಶ ಮುಗಿಯಿತು. ಕೊಡಬೇಕಾದ ಬ್ಲೌಸ್‌ಗಳೆಲ್ಲ ಹೋಗಿ ಅಂಗಡಿಯ ಹ್ಯಾಂಗರ್‌ಗಳು ಖಾಲಿ ನೇತಾಡುತ್ತಿವೆ. ಒಂದು ರಾತ್ರಿಯೂ ಮೆಷಿನ್ ಮುಂದೆ ಬೆಳಗು ಮಾಡದೆ ನಾನು ದಾಟಿದ ಮೊದಲ ಹಬ್ಬದ ಸೀಸನ್ ಇದು. ಲೇಡೀಸ್ ಟೈಲರಿಂಗ್ ಮಾಡುವವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ, ಆಮೇಲೆ ಥ್ಯಾಂಕ್ಸ್‌ಗೆ ಬರುತ್ತೇನೆ.

ಆಷಾಢದಲ್ಲಿ ನಾವು ನೊಣ ಹೊಡೆಯುತ್ತೇವೆ. ಶ್ರಾವಣ ಹುಟ್ಟಿದ್ದೇ ತಡ, ಮದುವೆ, ಗೃಹಪ್ರವೇಶ, ವರಮಹಾಲಕ್ಷ್ಮಿ ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಈ ವರ್ಷ, 2025ರಲ್ಲಿ, ಆಗಸ್ಟ್ 8ಕ್ಕೆ ವರಮಹಾಲಕ್ಷ್ಮಿ, 26ಕ್ಕೆ ಗೌರಿ. ಇಷ್ಟರೊಳಗೆ ಲೈನಿಂಗ್ ಬ್ಲೌಸು, ಫಾಲು, ಜಿಗ್‌ಜಾಗು, ಕುಚ್ಚು, ಮೇಲೆ "ಅಕ್ಕ, ಇದೊಂದು ಹಳೇದು, ಸ್ವಲ್ಪ ಬಿಚ್ಚಿ ಸೈಡ್ ಲೂಸ್ ಮಾಡಿಕೊಡಿ" ಅನ್ನುವವರು. ನನ್ನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಉತ್ತರ: "ಆಯ್ತು, ಕೊಡ್ತೀನಿ." ಹಾಗೆ ಹೇಳುವಾಗಲೇ ಆಗುವುದಿಲ್ಲ ಅಂತ ಗೊತ್ತಿರುತ್ತಿತ್ತು. ಆದರೆ ಎದುರಿಗಿರುವವರ ಮುಖ ಒಂದಿಷ್ಟು ಸಣ್ಣದಾದರೂ ನನಗೆ ತಡೆಯಲು ಆಗುತ್ತಿರಲಿಲ್ಲ. ಹಿಂದೆ ಬೆಂಗಳೂರಿನ ಕಡೆ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ನಾನು ಗಿರಾಕಿಗಳಿಗೆ ಅದನ್ನೇ ಬಾಯಲ್ಲಿ ಹೇಳುತ್ತಿದ್ದೆ. ದೆವ್ವವಾದರೂ ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಗಿರಾಕಿಗಳು ಚೀಟಿ ಹಿಡಿದು ಮರುದಿನ ಬಂದೇ ಬರುತ್ತಿದ್ದರು.

ಮೊದಲ ಥ್ಯಾಂಕ್ಸ್ ನಮ್ಮ ಅಂಗಡಿಯ ಹುಡುಗಿಗೆ. ಹೆಮ್ಮಿಂಗ್, ಹುಕ್ಸು, ಕಾಜಾ ಎಲ್ಲಾ ಅವಳದೇ. ಹೋದ ವರ್ಷ ಗೌರಿ ಹಬ್ಬದ ಹಿಂದಿನ ರಾತ್ರಿ, ಅವಳ ಅಮ್ಮ ಮಗಳನ್ನು ಕರೆದುಕೊಂಡು ಹೋಗಲು ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತೇ ತೂಕಡಿಸುತ್ತಿದ್ದರು. ಆಗ ಇವಳು ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು: "ಅಕ್ಕ, ನೀವು ಹೂಂ ಅಂದಾಗೆಲ್ಲಾ ರಾತ್ರಿ ಕೂರೋಳು ನಾನೂ ಅಲ್ವಾ?" ಸಿಟ್ಟಿನಲ್ಲಿ ಹೇಳಿದ್ದಲ್ಲ. ಸುಮ್ನೆ ಕೇಳಿದಂತೆ ಇತ್ತು. ನನಗಂತೂ ಊಟ ಸೇರಲಿಲ್ಲ. ಊರಿಗೆಲ್ಲಾ ನಾನು "ಪಾಪ, ಎಷ್ಟು ಒಳ್ಳೆಯವಳು, ಇಲ್ಲ ಅನ್ನೋದೇ ಇಲ್ಲ" ಅನ್ನಿಸಿಕೊಳ್ಳುತ್ತಿದ್ದೆ. ಆ ಹೆಸರಿಗೆ ತನ್ನ ನಿದ್ದೆಯ ಬೆಲೆ ಕೊಡುತ್ತಿದ್ದದ್ದು ಈ ಮಗು.

ಅವಳು ಮಾತ್ರ ಅಲ್ಲ. ಲೈನಿಂಗ್ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ಅರ್ಜೆಂಟ್ ಅಂತ ಯಾರೋ ನಡುವೆ ನುಗ್ಗಿದಾಗ ನಾನು ಮೊದಲು ಬಿಡುತ್ತಿದ್ದದ್ದು ಇದನ್ನೇ. ಅಂದರೆ ಜೋರು ಮಾಡಿದವರಿಗೆ ಬೇಗ ಸಿಗುತ್ತಿತ್ತು, ಆಷಾಢದಲ್ಲೇ ಬಟ್ಟೆ ಕೊಟ್ಟು ತಾಳ್ಮೆಯಿಂದ ಕಾದವರಿಗೆ ತಡವಾಗಿ, ಅದೂ ಕುಗ್ಗುವ ಬ್ಲೌಸು. ಇದರಲ್ಲಿ ಯಾವ ಒಳ್ಳೆಯತನ ಇತ್ತೋ ದೇವರೇ ಬಲ್ಲ.

ಎರಡನೆಯದು, 14416ರಲ್ಲಿ ಆ ದಿನ ನನ್ನ ಫೋನ್ ಎತ್ತಿದವರಿಗೆ. ಟೆಲಿ ಮಾನಸ್ ಅಂತ, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಫೋನ್ ಮಾಡಿದ್ದು ನಿದ್ದೆ ಬರುವುದಿಲ್ಲ ಅಂತ. ಆಕೆ ನಿಧಾನವಾಗಿ ಕೇಳುತ್ತಾ ಕೇಳುತ್ತಾ ವಿಷಯವನ್ನು ಅಂಗಡಿಗೆ ತಂದರು. "ಇಲ್ಲ ಅಂದ್ರೆ ಏನಾಗುತ್ತೆ ಅಂತ ಭಯ?" ಅಂದರು. ನಾನು "ಬೇಜಾರಾಗ್ತಾರೆ" ಅಂದೆ. "ಆಮೇಲೆ?" ಅಂದರು. ಆಮೇಲಿನದು ನನ್ನ ಹತ್ತಿರ ಇರಲಿಲ್ಲ! ಇಷ್ಟು ವರ್ಷ "ಬೇಜಾರಾಗ್ತಾರೆ" ಅನ್ನುವ ಕಡೆಗೇ ನನ್ನ ಯೋಚನೆ ನಿಂತುಬಿಡುತ್ತಿತ್ತು.

ಅವರು ಹೇಳಿಕೊಟ್ಟದ್ದು ಸಣ್ಣದು. ಕಾರಣ ಜೋಡಿಸಬೇಡಿ, ಒಂದೇ ಸಾಲು ಹೇಳಿ, ಮತ್ತೆ ಕೇಳಿದರೆ ಅದೇ ಸಾಲನ್ನು ಅದೇ ದನಿಯಲ್ಲಿ ಹೇಳಿ. ಯಾಕೆ ಅಂದರೆ ಕಾರಣ ಕೊಟ್ಟರೆ ಎದುರಿನವರು ಅದಕ್ಕೆ ಪರಿಹಾರ ಹುಡುಕುತ್ತಾರೆ. ನಿಜ ಅದು. "ಕರೆಂಟ್ ಇಲ್ಲ ಅಕ್ಕ" ಅಂದರೆ "ನಮ್ಮನೇಲಿ ಯುಪಿಎಸ್ ಇದೆ, ಮೆಷಿನ್ ತಗೊಂಡ್ ಬಾ" ಅಂದವರು ನಮ್ಮ ಬೀದಿಯಲ್ಲೇ ಇದ್ದಾರೆ. ಹಾಗಾಗಿ ಈಗ ನನ್ನದು ಒಂದೇ ಸಾಲು: "ಹಬ್ಬಕ್ಕೆ ಆಗಲ್ಲ ಅಕ್ಕ, ಹಬ್ಬ ಆದ್ಮೇಲೆ ಕೊಡ್ತೀನಿ."

ಈ ಸಾಲನ್ನು ಮೊದಲು ಕೇಳಿಸಿಕೊಂಡದ್ದು ರಿಟೈರ್ಡ್ ಟೀಚರ್ ಒಬ್ಬರು. ಅವರು ಇದನ್ನು ಓದುತ್ತಿದ್ದರೆ, ಮೇಡಂ, ನಿಮಗೆ ವಿಶೇಷ ಧನ್ಯವಾದ. ಹಿಂದಿನ ರಾತ್ರಿಯೆಲ್ಲಾ ಪ್ರಾಕ್ಟೀಸ್ ಮಾಡಿದ್ದೆ, ಅಂಗೈ ಬೆವರುತ್ತಿತ್ತು, ನೀವು ಏನಂದರೆ ನಾನು ಏನನ್ನಬೇಕು ಅಂತ ದೊಡ್ಡ ಭಾಷಣವೇ ರೆಡಿ ಇತ್ತು. ನೀವು "ಸರಿ ಬಿಡಮ್ಮ, ಹಳೇದು ಉಟ್ಕೋತೀನಿ" ಅಂದು, ತಾರಸಿ ತೋಟದ ಕರಿಬೇವು ಕೊಟ್ಟು ಹೋದಿರಿ. ಅಷ್ಟೇ. ನಾನು ಅಂಗಡಿಯಲ್ಲಿ ಒಬ್ಬಳೇ ನಿಂತು ನಕ್ಕೆ. ಆಮೇಲೆ ನೋಡಿದರೆ ಜಾಸ್ತಿ ಜನ ಹಾಗೇ. ಮುಖ ಒಂದು ನಿಮಿಷ ಸಣ್ಣದಾಗುತ್ತದೆ, ನಂತರ ಸರಿಹೋಗುತ್ತದೆ.

ಎಲ್ಲರೂ ಅಲ್ಲ, ಸುಳ್ಳು ಯಾಕೆ ಹೇಳಲಿ. ಒಬ್ಬರು ಪೀಸ್ ಕಿತ್ತುಕೊಂಡು "ಈಗ ನಿಂಗೆ ಕೊಬ್ಬು ಬಂದಿದೆ" ಅಂತ ಹೊರಟುಹೋದರು, ಮತ್ತೆ ಬಂದಿಲ್ಲ. ಅವರಿಗೂ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಎರಡು ದಿನ ಹೊಟ್ಟೆಯೊಳಗೆ ಸಂಕಟ ಆಯಿತು. ಆದರೂ ಮೂರನೇ ದಿನ ಬಂದ ಇನ್ನೊಬ್ಬರಿಗೆ ಅದೇ ಸಾಲು ಹೇಳಿದೆ.

ನೆಂಟರ ವಿಷಯ ಬೇರೆಯೇ ಕಥೆ. ಅಲ್ಲಿ ಕೂಲಿಯೂ ಇಲ್ಲ, ಟೈಮೂ ಇಲ್ಲ. ಇಲ್ಲಿ ನನ್ನನ್ನು ಕಾಪಾಡಿದ್ದು ನಮ್ಮತ್ತೆ, ಇದನ್ನು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಾದಿನಿಯ ಓರಗಿತ್ತಿ ವರಮಹಾಲಕ್ಷ್ಮಿಗೆ ಎರಡು ದಿನ ಇರುವಾಗ ಫೋನ್ ಮಾಡಿ, ಆರು ಬ್ಲೌಸು ಕಳಿಸುತ್ತೇನೆ ಅಂದರು. ನಾನು ತಡವರಿಸುವುದನ್ನು ಅತ್ತೆ ಅಡುಗೆಮನೆಯಿಂದ ಕೇಳಿಸಿಕೊಂಡು ಬಂದವರೇ ಫೋನ್ ಕಿತ್ತುಕೊಂಡು, "ಅವಳ ಕೈಲಿ ಆಗಲ್ಲಮ್ಮ" ಅಂದು ಕಟ್ ಮಾಡಿದರು. ಕಾರಣ ಇಲ್ಲ, ಸಮಾಧಾನ ಇಲ್ಲ. ಸಹಾಯವಾಣಿಯವರು ಕಷ್ಟಪಟ್ಟು ಕಲಿಸಿದ್ದು ಇವರಿಗೆ ಹುಟ್ಟಿನಿಂದಲೇ ಬಂದಿದೆ. ಅತ್ತೆ, ನಿಮಗೆ ಎದುರಿಗೆ ಹೇಳಲು ನಾಚಿಕೆ, ಇಲ್ಲೇ ನಮಸ್ಕಾರ ಮಾಡುತ್ತೇನೆ. ನಮ್ಮೆಜಮಾನರೇ, ಓದಿ ಹೇಳಿ.

ಲೆಕ್ಕದ ಬಗ್ಗೆ ಕೇಳುವವರಿಗೆ: ಹೌದು, ಬಟ್ಟೆ ಕಡಿಮೆ ತಗೊಂಡೆ. ಆದರೆ ಬಿಚ್ಚಿ ಹೊಲಿಯುವುದು, ತಪ್ಪಿದ್ದಕ್ಕೆ ಕೂಲಿ ಬಿಡುವುದು ಈ ಸಲ ಇರಲಿಲ್ಲ. ಕೈಗೆ ಉಳಿದದ್ದು ಕಡಿಮೆಯೇನೂ ಆಗಿಲ್ಲ. ಹುಡುಗಿ ದಿನಾ ಏಳೂವರೆಗೆ ಮನೆಗೆ ಹೋದಳು, ಗೌರಿ ಹಬ್ಬದ ಹಿಂದಿನ ದಿನವೂ.

ನನ್ನ ತಾಯಿಯ ಹತ್ತಿರ ಮಾತ್ರ ಇನ್ನೂ ಆಗುತ್ತಿಲ್ಲ. ಅವರು ಕೇಳಿದರೆ ಈಗಲೂ ಹೂಂ ಅನ್ನುತ್ತೇನೆ. ನೋಡೋಣ.

ದೀಪಾವಳಿ ಆರ್ಡರ್ ಅಕ್ಟೋಬರ್ 5ರವರೆಗೆ ಮಾತ್ರ. ಆಮೇಲೆ "ಅಕ್ಕ, ಒಂದೇ ಒಂದು" ಅನ್ನುವವರು ದಯವಿಟ್ಟು ನಮ್ಮತ್ತೆ ಹತ್ತಿರ ಮಾತಾಡಿ.