ಪೇಸ್ಟಿನ ಪೆಟ್ಟಿಗೆ ಮೇಲೆ ಇನ್ನೆರಡು ನಂಬರ್ ಹಾಕಲಿ

ಮಾನ್ಯರೇ,

ಅಣ್ಣನ ಮಗಳು ಶಾಲೆಯ ವಿಜ್ಞಾನ ಮೇಳಕ್ಕೆಂದು ನಮ್ಮ ಮನೆಯಲ್ಲಿ ಟೂತ್‌ಪೇಸ್ಟ್ ಪರೀಕ್ಷೆ ಮಾಡಿದಳು. ನಾಲ್ಕು ಮೊಟ್ಟೆ ಬೇಯಿಸಿ, ಗಟ್ಟಿ ಚಾ ಡಿಕಾಕ್ಷನ್‌ನಲ್ಲಿ ಎರಡು ದಿನ ಮುಳುಗಿಸಿಟ್ಟಳು. ಅಜ್ಜನ ಹಲ್ಲಿನ ಬಣ್ಣ ಬರಬೇಕಂತೆ, ಅದಕ್ಕೆ ಸುಣ್ಣ ಹಚ್ಚಿದ ಎಲೆಯಡಿಕೆ ಜಜ್ಜಿ ಅದಕ್ಕೇ ಹಾಕಿದಳು. ಚಿಪ್ಪು ಕಂದಾದ ಮೇಲೆ ಮೂರಕ್ಕೆ ಮೂರು ಬಗೆಯ ಪೇಸ್ಟ್, ಉಳಿದ ಒಂದಕ್ಕೆ ಕೆಂಪು ಹಲ್ಲುಪುಡಿ. ತಲಾ ನೂರು ಸಲ ಬ್ರಶ್.

ಗೆದ್ದದ್ದು ಹಲ್ಲುಪುಡಿ. ಆದರೆ ಆ ಮೊಟ್ಟೆಯನ್ನು ಬೆರಳಲ್ಲಿ ಸವರಿದರೆ ನುಣುಪೇ ಇಲ್ಲ, ತರಿತರಿ. ‘ಚಿಕ್ಕಪ್ಪ, ಕಲೆ ಹೋದದ್ದಾ, ಚಿಪ್ಪೇ ಹೋದದ್ದಾ?’ ಎಂದು ಕೇಳಿದಳು.

ಮೊಟ್ಟೆಚಿಪ್ಪು ಹಲ್ಲಲ್ಲ, ನಿಜ. ಆದರೆ ಪ್ರಯೋಗಾಲಯದವರೂ ಕೇಳುವುದು ಇದೇ ಪ್ರಶ್ನೆಯನ್ನು. ಅಲ್ಲಿ ದನದ ಹಲ್ಲಿಗೆ ಚಾ, ಕಾಫಿಯ ಕಲೆ ಹಿಡಿಸಿ, ಯಂತ್ರದಲ್ಲಿ 800 ಸಲ ಬ್ರಶ್ ಆಡಿಸಿ, ಎಷ್ಟು ಕಲೆ ಹೋಯಿತು ಎಂದು ಅಳೆಯುತ್ತಾರೆ. ಹಲ್ಲು ಎಷ್ಟು ಸವೆಯಿತು ಎಂಬುದಕ್ಕೆ ಬೇರೆಯೇ ಪರೀಕ್ಷೆ. ಅದರ ಹೆಸರು ಆರ್‌ಡಿಎ. ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಪುಡಿಯ ಸವೆತವನ್ನು 100 ಎಂದಿಟ್ಟುಕೊಂಡು ಪೇಸ್ಟನ್ನು ಅದಕ್ಕೆ ಹೋಲಿಸುತ್ತಾರೆ. ಐಎಸ್‌ಒ ಮಾನದಂಡದ ಪ್ರಕಾರ ಈ ಅಂಕಿ 250 ದಾಟಬಾರದು. ಒಳ್ಳೆಯ ಪೇಸ್ಟ್ ಎಂದರೆ ಮೊದಲನೆಯದರಲ್ಲಿ ಜಾಸ್ತಿ, ಎರಡನೆಯದರಲ್ಲಿ ಕಮ್ಮಿ ಬರಬೇಕು, ಅಲ್ವಾ?

ನಮ್ಮ ಮನೆಯ ಮೂರು ಪೆಟ್ಟಿಗೆಗಳನ್ನೂ ಕನ್ನಡಕ ಹಾಕಿ ಓದಿದೆ. ಹೊಳೆಯುವ ಹಲ್ಲಿನ ಚಿತ್ರ ಇದೆ, ಅಂಕಿ ಒಂದೂ ಇಲ್ಲ. ಇದರಲ್ಲಿ ನನಗೆ ಸ್ವಲ್ಪ ಸ್ವಂತದ ಸಿಟ್ಟೂ ಉಂಟು. ಕಲೆ ತೆಗೆಯುತ್ತದೆಂದು ಬರೆದಿದ್ದ ಒಂದು ಪೇಸ್ಟಿನಲ್ಲಿ ವರ್ಷಗಟ್ಟಲೆ ಗಸಗಸ ಉಜ್ಜಿದವ ನಾನು. ಈಗ ಒಸಡು ಸರಿದು ಬೇರು ಕಾಣುತ್ತಿದೆ. ಎಳನೀರು ಕುಡಿದರೂ ಜುಂ ಎನ್ನುತ್ತದೆ. ಪೇಸ್ಟಿನದ್ದೇ ತಪ್ಪು ಎನ್ನಲಾರೆ, ಕೈಯ ಭಾರವೂ ಇದ್ದೀತು. ಬೇರಿನ ಭಾಗ ಮೇಲಿನ ಎನಾಮಲ್‌ಗಿಂತ ಬಹಳ ಮೆದು, ಬೇಗ ಸವೆಯುತ್ತದೆ ಎಂದು ದಂತವೈದ್ಯರು ಹೇಳಿದ ಮೇಲೆಯೇ ಗೊತ್ತಾದದ್ದು.

ಇನ್ನು ಟಾರ್ಟರ್, ಅಂದರೆ ಹಲ್ಲಿಗೆ ಕಲ್ಲಿನಂತೆ ಕೂರುವ ಕಿಟ್ಟ. ಇದನ್ನು ಮೊಟ್ಟೆಯಲ್ಲಿ ಪರೀಕ್ಷಿಸಲು ಆಗುವುದಿಲ್ಲ. ಮನುಷ್ಯರ ಹಲ್ಲನ್ನೇ ಮೊದಲು ಪೂರ್ತಿ ಕ್ಲೀನ್ ಮಾಡಿ, ಪೇಸ್ಟ್ ಕೊಟ್ಟು, ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಕೆಳಸಾಲಿನ ಮುಂದಿನ ಆರು ಹಲ್ಲುಗಳ ಹಿಂಬದಿಯಲ್ಲಿ ಎಷ್ಟು ಮಿಲಿಮೀಟರ್ ಕೂತಿದೆ ಎಂದು ಅಳೆಯುತ್ತಾರೆ. ಜೊಲ್ಲು ಬರುವ ನಾಳ ಅಲ್ಲೇ ತೆರೆಯುವುದರಿಂದ ಕಿಟ್ಟ ಕಟ್ಟುವುದೂ ಅಲ್ಲೇ ಜಾಸ್ತಿ. ‘ಮೊದಲು ಕ್ಲೀನ್ ಮಾಡಿ’ ಎಂಬಲ್ಲೇ ಗುಟ್ಟಿರುವುದು. ಪೇಸ್ಟಿನಲ್ಲಿರುವ ಪೈರೋಫಾಸ್ಫೇಟ್, ಜಿಂಕ್ ಸಿಟ್ರೇಟ್‌ನಂಥವು ಹೊಸ ಕಿಟ್ಟ ಗಟ್ಟಿಯಾಗುವುದನ್ನು ನಿಧಾನ ಮಾಡುತ್ತವೆ, ಅಷ್ಟೇ. ಕೂತದ್ದನ್ನು ಕೀಳುವುದಿಲ್ಲ. ಅಪ್ಪ ಮಾತ್ರ ಟಾರ್ಟರ್ ಪೇಸ್ಟ್ ಮೂರು ಟ್ಯೂಬ್ ಮುಗಿಸಿ, ‘ಎಂಥದ್ದೂ ಹೋಗ್ಲಿಲ್ಲ ಮಾರಾಯ’ ಎಂದು ಕೂತಿದ್ದಾರೆ. ದಂತವೈದ್ಯರ ಹತ್ತಿರ ಕಿಟ್ಟ ಕೀಳಿಸುವ ಸ್ಕೇಲಿಂಗ್‌ಗೆ ಬನ್ನಿ ಎಂದರೆ ಎಲೆಪೆಟ್ಟಿಗೆ ಹುಡುಕುತ್ತಾರೆ.

ಬೆಲೆ, ತೂಕ, ತಯಾರಾದ ತಿಂಗಳು ಎಲ್ಲ ಅಚ್ಚಾಗುವ ಪೆಟ್ಟಿಗೆಯಲ್ಲಿ ಕಲೆಯ ಅಂಕಿ, ಸವೆತದ ಅಂಕಿ ಎರಡಕ್ಕೂ ಜಾಗ ಇದೆ. ಅದನ್ನು ಕಡ್ಡಾಯ ಮಾಡಬೇಕು. ‘ಟಾರ್ಟರ್ ಕಂಟ್ರೋಲ್’ ಎಂದು ಬರೆದ ಕಡೆ, ‘ಈಗಾಗಲೇ ಇರುವುದು ಹೋಗದು’ ಎಂಬ ಒಂದು ಸಾಲು ಅಷ್ಟೇ ದಪ್ಪ ಅಕ್ಷರದಲ್ಲಿ ಬರಲಿ.

– ಓರ್ವ ಓದುಗ, ಕುಂಜಿಬೆಟ್ಟು, ಉಡುಪಿ